ಬೋಟಪ್ಪನವರ ಅರ್ಧ ಮಾತು

ನಾನು ಮದುವೆಯಾಗಿ ಬಂದ ವಾರ, ಏಪ್ರಿಲ್ ತಿಂಗಳ ಉರಿಬಿಸಿಲಿನಲ್ಲಿ, ಹಿತ್ತಲಿನ ಹೊಂಗೆಮರದ ಕೆಳಗೆ ಒಣನೆಲದ ಮೇಲೆ ಒಂದು ದೋಣಿ ನಿಂತಿತ್ತು. ಅದರೊಳಗೆ ನನ್ನ ಮಾವ ನಾರಣಪ್ಪನವರು ಕೊಡೆ ಬಿಚ್ಚಿಕೊಂಡು ಕೂತು ಪತ್ರಿಕೆ ಓದುತ್ತಿದ್ದರು. ಅವರ ಪಾದಗಳು ನೀರಿನಲ್ಲಿದ್ದವು. ನೀರು ದೋಣಿಯ ಹೊರಗಿರಲಿಲ್ಲ, ಒಳಗಿತ್ತು. ಒಣಗಿದರೆ ಹಲಗೆ ಬಿರಿಯುತ್ತದೆ, ಬಿರಿದರೆ ದೋಣಿ ಕೆಲಸಕ್ಕೆ ಬಾರದು. ಅದಕ್ಕಾಗಿ ಬೇಸಿಗೆಯುದ್ದಕ್ಕೂ ಅದರ ಹೊಟ್ಟೆಗೆ ಬಾವಿಯ ನೀರು ಸೇದಿ ಹುಯ್ಯಬೇಕಾಗಿತ್ತು. ಹುಯ್ಯುತ್ತಿದ್ದವರು ನನ್ನ ಅತ್ತೆ. ಅವತ್ತಿನಿಂದ ನಾನೂ ಸೇರಿಕೊಂಡೆ. ಮಿಕ್ಕವರ ದೋಣಿಗೆ ನೀರು ನುಗ್ಗಿದರೆ ಗಾಬರಿಯಾಗುತ್ತಾರೆ, ನಾರಣಪ್ಪನವರ ದೋಣಿಯಲ್ಲಿ ನೀರು ಇಳಿದರೆ ಗಾಬರಿಯಾಗುತ್ತಾರೆ ಎಂದು ಬೀದಿಯವರು ಆಡಿಕೊಳ್ಳುತ್ತಿದ್ದರು.

ಅದನ್ನು ದೋಣಿ ಎನ್ನುವಂತಿರಲಿಲ್ಲ. "ದೋಣಿ ಹೊಳೆ ದಾಟಕ್ಕೆ ಕಣಮ್ಮ. ಇದು ಕಾಲ್ವೇಲಿ ಸಂಸಾರ ಸಮೇತ ಹೋಗಕ್ಕೆ. ಇದು ಬೋಟು" ಎಂದು ಮೊದಲ ದಿನವೇ ಮಾವನವರು ನನ್ನನ್ನು ತಿದ್ದಿದರು. ಊರಿನವರು ಆ ಮಾತಿಗೆ ಮರ್ಯಾದೆ ಕೊಟ್ಟು ಅವರನ್ನು ಬೋಟಪ್ಪನವರು ಎಂದೇ ಕರೆಯುತ್ತಿದ್ದರು. ಅದು ಗೌರವವೆಂದು ಅವರು ನಂಬಿದ್ದರು.

ಮಾವನವರು ಚಿಕ್ಕ ವಯಸ್ಸಿನಲ್ಲಿ ಮದರಾಸಿನ ಕಡೆ, ಸಮುದ್ರದ ಪಕ್ಕದಲ್ಲೇ ಹರಿಯುವ ದೊಡ್ಡ ಕಾಲುವೆಯ ದಂಡೆಯ ಮೇಲೆ, ಉಪ್ಪಿನ ಮಂಡಿಯೊಂದರಲ್ಲಿ ಗುಮಾಸ್ತರಾಗಿದ್ದರಂತೆ. ಆ ಕಾಲುವೆಯಲ್ಲಿ ಉಪ್ಪು, ಸೌದೆ, ಭತ್ತ ಎಲ್ಲವೂ ಉದ್ದನೆಯ ದೋಣಿಗಳಲ್ಲಿ ಸಾಗುತ್ತಿದ್ದವು. ಭಾನುವಾರ ಮಾತ್ರ ಒಬ್ಬ ಇಂಗ್ಲಿಷ್ ದೊರೆ ತನ್ನ ಹೆಂಡತಿ, ಮಕ್ಕಳು, ನಾಯಿಯ ಸಮೇತ ಸ್ವಂತ ದೋಣಿಯಲ್ಲಿ ಹೋಗುತ್ತಿದ್ದ. ದೊರೆಸಾನಿ ಕಸೂತಿ ಹಾಕುತ್ತಿದ್ದಳು. ಮಕ್ಕಳು ಬಿಸ್ಕತ್ತು ತಿನ್ನುತ್ತಿದ್ದವು. ನಾಯಿ ಕೂಡ ಶಿಸ್ತಾಗಿ ಕೂತಿರುತ್ತಿತ್ತು. ಇದನ್ನು ಅವರು ನನಗೆ ಎಷ್ಟು ಸಲ ವರ್ಣಿಸಿದ್ದಾರೋ ಲೆಕ್ಕವಿಲ್ಲ. ಆದರೆ ಆ ದೋಣಿಯನ್ನು ದಂಡೆಯ ಮೇಲೆ ನಡೆಯುತ್ತ ಹಗ್ಗ ಹಿಡಿದು ಎಳೆಯುತ್ತಿದ್ದವರು ಯಾರು ಎಂಬುದನ್ನು ಒಂದು ಸಲವೂ ಹೇಳಲಿಲ್ಲ. ಅದು ಅವರ ಕಣ್ಣಿಗೆ ಬಿದ್ದಿರಲೇ ಇಲ್ಲವೆಂದು ನಾನು ಆಮೇಲೆ ತಿಳಿದುಕೊಂಡೆ.

ಕೆಲಸ ಬಿಟ್ಟು ಬರುವಾಗ ಅಂಥದ್ದೇ ಒಂದು ಹಳೆಯ ದೋಣಿಯನ್ನು ಕೊಂಡು ಲಾರಿಯ ಮೇಲೆ ಹೇರಿಸಿದರು. ಲಾರಿ ಹಿಂದೂಪುರದ ಹತ್ತಿರ ಚಹಾಕ್ಕೆ ನಿಂತಾಗ ಅಲ್ಲಿನವನೊಬ್ಬ ಸುತ್ತ ಒಂದು ಸುತ್ತು ಬಂದು, "ಇದೇಮಿ ಸಾಮೀ, ಎದ್ದುಲ ತೊಟ್ಟಿನಾ?" ಎಂದನಂತೆ. ಎತ್ತುಗಳಿಗೆ ನೀರು ಕುಡಿಸುವ ತೊಟ್ಟಿಯೇ ಎಂದು. ಬೋಟು ಎಂದು ಮಾವನವರು ಹೇಳಿದಾಗ ಅವನು ಮಧುಗಿರಿಯ ಕಡೆಗೆ ಹೋಗುವ ರಸ್ತೆಯನ್ನು ನೋಡಿ, ಆ ಕಡೆ ನೀರು ಎಲ್ಲಿದೆ ಎಂದು ಕೇಳಿದನಂತೆ. ಈ ಕಥೆಯನ್ನು ಮಾವನವರು ಆ ಮನುಷ್ಯನ ದಡ್ಡತನಕ್ಕೆ ಉದಾಹರಣೆಯಾಗಿ ಹೇಳುತ್ತಿದ್ದರು.

ನೀರು ಇತ್ತು. ಇಲ್ಲವೆಂದರೆ ಸುಳ್ಳಾಗುತ್ತದೆ. ನಮ್ಮ ಊರು ಕೊರಟಗೆರೆಗೂ ಮಧುಗಿರಿಗೂ ನಡುವೆ. ಜಯಮಂಗಲಿ ಹೊಳೆಗೆ ಅಡ್ಡ ಕಟ್ಟಿದ ಹಳೆಯ ಅಣೆಯಿಂದ ನಮ್ಮ ಕೆರೆಗೆ ಒಂದು ಕಾಲುವೆ ಬರುತ್ತದೆ. ಮಳೆ ಚೆನ್ನಾಗಿ ಹಿಡಿದ ವರ್ಷ ಅದು ಕೆಲವು ವಾರ ತುಂಬಿ ಹರಿಯುತ್ತಿತ್ತು. ಮಿಕ್ಕ ಕಾಲದಲ್ಲಿ ಅದರೊಳಗೆ ಕುರಿ ನಡೆಯುತ್ತಿದ್ದವು. ಆ ಕೆಲವು ವಾರಗಳಲ್ಲಿ ನಮ್ಮ ಸಂಸಾರದ ಬೋಟು ವಿಹಾರ ನಡೆಯಬೇಕು. ಬೇಸಿಗೆಯೆಲ್ಲ ಬಾವಿಯ ನೀರು ಸೇದಿದ್ದು ಅದಕ್ಕೇ.

ವಿಹಾರದ ಕ್ರಮ ಹೀಗಿತ್ತು. ಶಿರಾದ ಶಾಲೆಯಲ್ಲಿ ಮೇಷ್ಟರಾಗಿದ್ದ ನನ್ನ ಗಂಡ ಭಾನುವಾರ ಊರಿಗೆ ಬಂದಿದ್ದರೆ ಮುಂದುಗಡೆ ಕೂತು, ದೋಣಿ ದಂಡೆಗೆ ತಾಗದಂತೆ ಗಳದಿಂದ ನೂಕಬೇಕು. ಹಿಂದುಗಡೆ ಮಾವನವರು, ಖಾಕಿ ಚಡ್ಡಿ, ಬಿಳಿ ಅಂಗಿ, ಕೊಡೆ. ನಡುವೆ ಚಿತ್ರಾನ್ನದ ಪಾತ್ರೆ, ಮೊಸರನ್ನದ ಪಾತ್ರೆ, ಜಮಖಾನ. ದಂಡೆಯ ಮೇಲೆ ಹಗ್ಗ ಹೆಗಲಿಗೆ ಹಾಕಿಕೊಂಡು ಅತ್ತೆ, ಅವರ ಹಿಂದೆ ನಾನು. ಎದುರು ನೀರಿನಲ್ಲಿ ಮಾವಿನತೋಪಿನವರೆಗೆ ಎಳೆದುಕೊಂಡು ಹೋಗಬೇಕು. ಅಲ್ಲಿ ಮಾವನವರು ಇಳಿದು, ಮೈಮುರಿದು, ಇಂಥ ಗಾಳಿ ಮನೆಯೊಳಗೆ ಕೂತರೆ ಸಿಗುತ್ತದೆಯೇ ಎಂದು ನಮ್ಮನ್ನು ಕೇಳುತ್ತಿದ್ದರು. ನಾವು ಅನ್ನ ಬಡಿಸುತ್ತಿದ್ದೆವು. ಹಿಂದಿರುಗುವಾಗ ಹರಿವು ತಾನೇ ಒಯ್ಯುತ್ತದಲ್ಲ, ಆಗ ಕೂತುಕೊಳ್ಳಬಹುದು ಎಂದು ಮೊದಲ ವರ್ಷ ನಾನು ತಿಳಿದಿದ್ದೆ. ಹಾಗಲ್ಲ. ಹರಿವಿನ ಜೊತೆ ಹೋಗುವಾಗ ದೋಣಿ ಓಡಿಹೋಗದಂತೆ ಹಿಂದಕ್ಕೆ ಹಿಡಿದುಕೊಳ್ಳಬೇಕು. ಅದಕ್ಕೂ ಹಗ್ಗವೇ. ಹೀಗೆ ಹೋಗುವಾಗ ಎತ್ತು, ಬರುವಾಗ ಲಗಾಮು. ನನ್ನ ಅತ್ತೆ ಆ ಮನೆಯ ಬೋಟಿನಲ್ಲಿ ಒಂದು ದಿನವೂ ಕೂತಿರಲಿಲ್ಲ. ಕೇಳಿದರೆ ಮಾವನವರು, "ಮುಂದಿನ ನೀರಿಗೆ" ಎನ್ನುತ್ತಿದ್ದರು.

ಹೊಲಗಳಿಗೆ ನೀರು ಹಂಚುವ ನೀರುಗಂಟಿ ಕದರಪ್ಪನಿಗೆ ಇದು ಮುಗಿಯದ ತಮಾಷೆ. ಕಾಲುವೆಯೆಲ್ಲ ತನ್ನದೇ ಎಂಬಂತೆ ಗುದ್ದಲಿ ಊರಿಕೊಂಡು ದಂಡೆಯ ಮೇಲೆ ನಿಂತಿರುತ್ತಿದ್ದ. ಒಂದು ಸಲ ನಮ್ಮನ್ನು ತಡೆದು, "ಅಮ್ಮಾರೆ, ನಮ್ಮನೇಲಿ ಎತ್ತು ಸುಮ್ನೆ ನಿಂತವೆ, ಬಾಡ್ಗೆ ಬ್ಯಾಡ, ಕಟ್ಕಳಿ" ಎಂದ. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕರು. ಉತ್ತರ ಬಂದದ್ದು ಕೊಡೆಯ ಕೆಳಗಿನಿಂದ.

"ಎತ್ತಿಗೆ ಹೇಳಿದ್ ಮಾತು ತಿಳಿಯಲ್ಲ ಕಣಯ್ಯ."

ಅವರು ಹೆಂಡತಿಯನ್ನು ಹೊಗಳಿದ್ದರು. ಹಾಗೆಂದು ಅವರೇ ಆಮೇಲೆ ನನಗೆ ಹೇಳಿದರು.

ಹೇಳಿದ ಮಾತೆಂದರೆ ಇದ್ದದ್ದು ಎರಡೇ. ಹಗ್ಗ ಸಡಿಲಿಸಬೇಕಾದಲ್ಲಿ "ಹಗ್ಗ ಬುಡು". ಬಿಗಿಯಾಗಿ ಹಿಡಿಯಬೇಕಾದಲ್ಲಿ "ಹಗ್ಗ ಬುಡಬ್ಯಾಡ". ಮದರಾಸಿನಲ್ಲಿ ವರ್ಷಗಟ್ಟಲೆ ಇದ್ದರೂ, ಪತ್ರಿಕೆಯನ್ನು ಶುದ್ಧವಾಗಿ ಓದಿದರೂ, ದೋಣಿ ಹತ್ತಿದ ಕೂಡಲೆ ಅವರ ಬಾಯಿಗೆ ಊರಿನ ಮಾತೇ ಬರುತ್ತಿತ್ತು. ಎರಡನೆಯದನ್ನು ಹೆಚ್ಚು ಹೇಳುತ್ತಿದ್ದರು.

ಇನ್ನು ಆ ದಿನದ ವಿಷಯ. ಇದನ್ನು ನಾನು ಕಂಡಷ್ಟೇ, ಕೇಳಿದಷ್ಟೇ ಹೇಳಬೇಕು. ಯಾಕೆಂದರೆ ಹತ್ತಿರದಲ್ಲಿ ಇದ್ದವಳು ನಾನೊಬ್ಬಳೇ.

ಆ ವರ್ಷ ನಾನು ಬಸುರಿಯಾಗಿದ್ದೆ. ಆದ್ದರಿಂದ ಹಗ್ಗದಿಂದ ರಜ ಸಿಕ್ಕಿ, ಪಾತ್ರೆಗಳ ಬುಟ್ಟಿ ನನ್ನ ಪಾಲಿಗೆ ಬಂದಿತ್ತು. ಬೋಟಿನಲ್ಲಿ ಇಟ್ಟರೆ ಜಮಖಾನಕ್ಕೆ ಎಣ್ಣೆ ಹತ್ತುತ್ತದೆ ಎಂದು ಆ ವರ್ಷ ಮಾವನವರಿಗೆ ಹೊಳೆದಿತ್ತು. ನನ್ನ ಗಂಡ ಶಿರಾದಲ್ಲೇ ಉಳಿದಿದ್ದರು. ತೋಪಿನಲ್ಲಿ ಊಟವಾಗುವ ಹೊತ್ತಿಗೆ ಮೇಲುಗಡೆ ಬೆಟ್ಟಗಳ ಕಡೆ ಕಪ್ಪಿಟ್ಟಿತ್ತು. ನಮ್ಮಲ್ಲಿ ಹನಿಯಿಲ್ಲ. ವಾಪಸು ಹೊರಟು ಸ್ವಲ್ಪ ದೂರ ಬಂದಿದ್ದೆವು, ಕಾಲುವೆಯ ಬಣ್ಣ ಬದಲಾಯಿತು. ಕೆಂಪು ನೀರು ಬಂತು. ಅತ್ತೆ ನಿಂತು, "ಕಟ್ಟಾಕಿ ನಡಕಂಡು ಹೋಗಾಣ" ಎಂದರು. ಮಾವನವರು ಬೋಟನ್ನು ದಾರಿಯಲ್ಲಿ ಬಿಟ್ಟು ಹೋಗುವುದುಂಟೇ ಎಂದು ಕೇಳಿದರು. ಅತ್ತೆ ಹಗ್ಗವನ್ನು ಮತ್ತೆ ಹೆಗಲಿಗೆ ಎಳೆದುಕೊಂಡರು.

ಕಾಲುವೆ ಕಿರಿದಾಗಿ ತಿರುಗುವಲ್ಲಿ ದೋಣಿ ಒಮ್ಮೆಲೇ ಮುಂದಕ್ಕೆ ಹಾರಿತು. ಹಗ್ಗ ಬಿಗಿಯಿತು. ಅತ್ತೆ ಅದನ್ನು ಒಂದು ಸುತ್ತು ಹೆಗಲಿಗೆ ಹಾಕಿಕೊಂಡಿದ್ದರು. ಮೊದಲು ಮೊಣಕಾಲ ಮೇಲೆ ಬಿದ್ದರು, ಆಮೇಲೆ ಪಕ್ಕಕ್ಕೆ ಹೊರಳಿ ದಂಡೆಯಿಂದ ಜಾರಿದರು. ನಡುವಿನವರೆಗೆ ನೀರಿಗೆ ಹೋದರು. ನಾನು ಬುಟ್ಟಿ ಎಸೆದೆ. ಮಾವನವರು ದೋಣಿಯಲ್ಲಿ ಎದ್ದು ನಿಂತು ಹಿಂದಕ್ಕೆ ತಿರುಗಿದ್ದರು. ಬಾಯಿ ತೆರೆದಿತ್ತು. ಒಂದು ಕೈಯಲ್ಲಿ ಕೊಡೆ.

"ಹಗ್ಗ ಬುಡ್..." ಎಂದರು.

ಅಷ್ಟರಲ್ಲಿ ದೋಣಿ ದಂಡೆಗೆ ಬಡಿದು ಅವರು ಧೊಪ್ಪನೆ ಕೂತುಬಿಟ್ಟರು. ಮುಂದಿನದು ಹೇಳಿದರೋ ಇಲ್ಲವೋ, ನೀರಿನ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ. ನಾನು ಅತ್ತೆಯ ಹತ್ತಿರ ಹೋಗಿ ಕೂದಲಿಗೆ ಕೈ ಹಾಕಿದಾಗ ಅವರ ಹೆಗಲ ಮೇಲೆ ಹಗ್ಗ ಇರಲಿಲ್ಲ. ಅವರು ಎರಡು ಕೈಯಲ್ಲೂ ಲಕ್ಕಿಗಿಡವನ್ನು ಹಿಡಿದುಕೊಂಡಿದ್ದರು. ಹೇಗೆ ಮೇಲಕ್ಕೆ ಬಂದರು ಎನ್ನುವುದು ನನಗೆ ಸರಿಯಾಗಿ ನೆನಪಿಲ್ಲ. ಮಣ್ಣಿನ ಮೇಲೆ ಇಬ್ಬರೂ ಕೂತಿದ್ದೆವು. ಅತ್ತೆ ನನ್ನ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಿದ್ದರು. ದೋಣಿ ಕಾಣಿಸುತ್ತಿರಲಿಲ್ಲ.

ಅದು ಕೆರೆಗೆ ಹೋಗಿತ್ತು. ನಾವು ನಿಧಾನವಾಗಿ ಏರಿಯ ಹತ್ತಿರ ಬರುವಷ್ಟರಲ್ಲಿ ಊರೇ ಅಲ್ಲಿ ನೆರೆದಿತ್ತು. ಕೆರೆಯ ನಡುವೆ ಮಾವನವರ ದೋಣಿ ಮೆಲ್ಲಗೆ ಸುತ್ತುತ್ತಿತ್ತು. ಗಳ ಹೋಗಿತ್ತು. ಕೊಡೆ ಇತ್ತು. ಅವರಿಗೆ ಈಜು ಬರುತ್ತಿರಲಿಲ್ಲ. ಹೋಗಿ ಕರೆತರೋಣವೆಂದರೆ ಸುತ್ತಲ ಹಳ್ಳಿಗಳಿಗೆಲ್ಲ ಇದ್ದದ್ದು ಒಂದೇ ದೋಣಿ, ಅದರೊಳಗೆ ಅವರೇ ಇದ್ದರು. ಕದರಪ್ಪ ಏರಿಯ ಮೇಲೆ ನಿಂತು ಕೈಯನ್ನು ಬಾಯಿಗೆ ಅಡ್ಡ ಹಿಡಿದು ಕೂಗಿದ.

"ಬೋಟಪ್ನೋರೆ, ಬೋಟು ಕಳ್ಸಿ, ಬಂದು ಕರ್ಕಂಡ್ ಬತ್ತೀವಿ."

ಏರಿಯೆಲ್ಲ ನಕ್ಕಿತು. ಮಾವನವರು ಕೊಡೆಯನ್ನು ಆ ಕಡೆಗೆ ವಾಲಿಸಿ ಮುಖ ಮರೆ ಮಾಡಿಕೊಂಡರು. ಕೊನೆಗೆ ಗಾಳಿಯೇ ಅವರನ್ನು ಆಚೆ ದಡದ ಜೊಂಡಿಗೆ ಸೇರಿಸಿತು. ಕೆರೆ ಸುತ್ತಿ ನಡೆದುಕೊಂಡು ಮನೆಗೆ ಬಂದರು. ಚಡ್ಡಿಯ ತುಂಬ ಕೆಸರು. ಅತ್ತೆ ಒಲೆಯ ಮುಂದೆ ಕೂತು, ಹಗ್ಗ ಉಜ್ಜಿ ಸುಲಿದ ಹೆಗಲಿಗೆ ನನ್ನ ಕೈಯಲ್ಲಿ ಅರಿಸಿನ ಹಚ್ಚಿಸಿಕೊಳ್ಳುತ್ತಿದ್ದರು. ಮಾವನವರು ಹೊಸಿಲಲ್ಲೇ ನಿಂತರು. ಹೇಗಿದ್ದೀಯ ಎಂದು ಕೇಳಲಿಲ್ಲ.

"ಬುಡು ಅಂದೆ. ಕೇಳುಸ್ತಾ?"

ಅತ್ತೆ ತಿರುಗಿ ನೋಡಲಿಲ್ಲ. "ಬುಡಬ್ಯಾಡ ಅಂದ್ರಿ."

ಅಲ್ಲಿಂದ ಶುರುವಾಯಿತು. ನಮ್ಮ ಮನೆಯಲ್ಲಿ ಆಮೇಲೆ ಮಗು ಹುಟ್ಟಿತು, ಎಮ್ಮೆ ಬಂತು, ಹೋಯಿತು, ಶಿರಾದಲ್ಲಿ ನಮಗೆ ಬೇರೆ ಮನೆಯಾಯಿತು. ಆ ಅರ್ಧ ಮಾತಿನ ವ್ಯಾಜ್ಯ ಮಾತ್ರ ಮುಗಿಯಲಿಲ್ಲ. ಹೆಂಡತಿ ನೀರಿನಲ್ಲಿ ಹೋಗುತ್ತಿದ್ದಾಗ ಯಾವ ಗಂಡ ಬುಡಬ್ಯಾಡ ಎನ್ನುತ್ತಾನೆ ಎಂದು ಮಾವನವರು ವಾದಿಸುತ್ತಿದ್ದರು. ಯಾವ ಗಂಡ ಎಂದು ಅತ್ತೆ ಅಕ್ಕಿ ಆರಿಸುತ್ತ ಯೋಚಿಸುವವರಂತೆ ತಲೆ ಎತ್ತುತ್ತಿದ್ದರು. ಒಂದು ದಿನ ಮಾವನವರು ನನ್ನನ್ನು ಬಚ್ಚಲ ಬಾಗಿಲಲ್ಲಿ ನಿಲ್ಲಿಸಿ, ನನ್ನ ಗಂಡನ ಕೈಯಲ್ಲಿ ಕೊಡಗಟ್ಟಲೆ ನೀರು ಸುರಿಸಿ, ತಾವು ಹಿತ್ತಲಿನಿಂದ ಎರಡು ಥರವೂ ಕೂಗಿದರು. ಯಾವುದು ಅವತ್ತಿನ ಹಾಗೆ ಕೇಳಿಸಿತು ಎಂದು ವಿಚಾರಣೆ. ಎರಡೂ ಕೇಳಿಸಲಿಲ್ಲ ಎಂದೆ. ಅಷ್ಟು ನೀರು ಸಾಲದಾಯಿತು ಎಂದು ಅವರು ತೀರ್ಮಾನಿಸಿದರು.

ಬೋಟನ್ನು ಜೊಂಡಿನಿಂದ ಬಿಡಿಸಿ ಗಾಡಿಯ ಮೇಲೆ ಹಿತ್ತಲಿಗೆ ತಂದಾಗಿತ್ತು, ಅದಕ್ಕೆ ನೀರು ಹುಯ್ಯುವುದನ್ನು ಮಾತ್ರ ಅತ್ತೆ ನಿಲ್ಲಿಸಿದ್ದರು. ಮಾವನವರು ತಾವೇ ಸೇದಿ ಹುಯ್ದರು. ಮುಂದಿನ ಸಲ ಕಾಲುವೆ ಬಂದಾಗ ಜಮಖಾನ ಹಾಸಿ, ಅತ್ತೆಯನ್ನು ಕರೆದು, ನೀನು ಕೂತುಕೋ, ನಾನೇ ಎಳೆಯುತ್ತೇನೆ ಎಂದರು. ಇದನ್ನು ಹೇಳಲು ಅವರಿಗೆ ಬಹಳ ಕಷ್ಟವಾಗಿತ್ತು. ಮೊದಲೇ ಎರಡು ಸಲ ಗಂಟಲು ಸರಿಮಾಡಿಕೊಂಡಿದ್ದರು.

"ನಂಗೆ ನಡಿಯಕ್ಕೆ ಬತ್ತದೆ" ಎಂದರು ಅತ್ತೆ.

ಮಾವನವರು ಹಿಂದೆಗೆಯಲಿಲ್ಲ. ಖಾಕಿ ಚಡ್ಡಿಯಲ್ಲಿ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ದಂಡೆಯ ಮೇಲೆ ಹೊರಟರು. ಖಾಲಿ ಬೋಟು ಹಿಂದೆ ಬಂತು. ಹೊಲದಲ್ಲಿದ್ದವರು ಕೆಲಸ ನಿಲ್ಲಿಸಿ ನೋಡಿದರು. ತೋಪಿನವರೆಗೆ ಎಳೆದುಕೊಂಡು ಹೋಗಿ, ಒಬ್ಬರೇ ಉಂಡು, ಹಿಂದಕ್ಕೆ ಹಿಡಿದುಕೊಂಡು ಬಂದರು. ಅಂಗೈ ಬೊಬ್ಬೆಯೆದ್ದಿತ್ತು. ಹಗ್ಗ ಬಹಳ ಒರಟು ಎಂದು ಅವತ್ತು ಅವರಿಗೆ ಗೊತ್ತಾಯಿತು. ಅತ್ತೆಗೆ ಅದನ್ನು ಹೊಸ ಸುದ್ದಿಯಂತೆ ಹೇಳಿದರು.

ನಾನು ಅವರನ್ನು ಕೊನೆಯ ಸಲ ಕಂಡದ್ದು ಎದೆಯ ನೋವಿನಿಂದ ಜಗುಲಿಯ ಮಂಚದ ಮೇಲೆ ಮಲಗಿದ್ದಾಗ. ಶಿರಾಕ್ಕೆ ಹೊರಟು, ಮಗುವನ್ನು ಎತ್ತಿಕೊಂಡು ಹೇಳಿಹೋಗಲು ನಿಂತೆ. ಹತ್ತಿರ ಕರೆದರು.

"ಜಯಮ್ಮ, ನೀನು ಓದಿದೋಳು. ಸತ್ಯ ಹೇಳು, ಅವತ್ತು ನಾನು ಏನಂದೆ?"

"'ಬುಡ್' ಅಂತ ಕೇಳುಸ್ತು ಮಾವ. ಆಮೇಲೆ ನೀವು ಕೂತ್ಬಿಟ್ರಿ."

ಮಾವನವರು ನಕ್ಕರು. ನಗಲು ನೋವಾಗುತ್ತಿತ್ತು. "ಒಳ್ಳೆ ಸಾಕ್ಷಿ ನೀನು. ಕೋರ್ಟ್ನಾಗೆ ಎರಡು ಕಡೇನೂ ಸೋಲುಸ್ತೀಯ." ನಾನು ಎದ್ದು ಹೊರಡುವಾಗ ಮತ್ತೆ ಕರೆದು, ಈ ಸಲ ಬಹಳ ಮೆಲ್ಲಗೆ, "ನಂಗೇ ಗೊತ್ತಿಲ್ಲ ಕಣಮ್ಮ" ಎಂದರು. "ಏನು ಹೇಳಕ್ಕೆ ಹೋಗಿದ್ನೋ ನಂಗೇ ಗೊತ್ತಿಲ್ಲ. ಅವಳಿಗೆ ಹೇಳಬ್ಯಾಡ."

ಬಸ್ಸಿಗೆ ಹೊತ್ತಾಗಿತ್ತು. ಮತ್ತೆ ನಾನು ಊರಿಗೆ ಬಂದಾಗ ಮಂಚ ಎತ್ತಿಟ್ಟಿದ್ದರು.

ಕರ್ಮಗಳೆಲ್ಲ ಮುಗಿದು ನೆಂಟರು ಹೋದ ಮೇಲೆ ಅತ್ತೆ ಮತ್ತು ನಾನು ದೊಡ್ಡ ಪಾತ್ರೆಗಳನ್ನು ಬೆಳಗುತ್ತಿದ್ದೆವು. ಮಾವನವರು ಹೇಳಬೇಡ ಎಂದದ್ದನ್ನು ನಾನು ಹೇಳಲಿಲ್ಲ. ಅತ್ತೆ ತಾವೇ ಶುರುಮಾಡಿದರು. ಹೋಗುವ ಮುಂಚೆ ಅದನ್ನೇ ಕೇಳಿದರಾ ಎಂದರು. ಹೌದು ಎಂದೆ.

ಅತ್ತೆ ಬೂದಿಯ ಕೈಯನ್ನು ಪಾತ್ರೆಯೊಳಗೆ ಸುತ್ತಿಸುತ್ತ, "ಅವರು ಬಾಯಿ ತೆಗಿಯಕ್ಕೆ ಮುಂಚೇನೇ ನಾನು ಬುಟ್ಟಿದ್ದೆ ಕಣಮ್ಮ" ಎಂದರು.

ನಾನು ಕೈ ನಿಲ್ಲಿಸಿದೆ. ಹಾಗಾದರೆ ಇಷ್ಟು ವರ್ಷ ಆ ಜಗಳವೇಕೆ, ಅದನ್ನೇ ಹೇಳಿಬಿಡಬಹುದಿತ್ತಲ್ಲ ಎಂದು ಕೇಳಿದೆ.

"ಹೇಳಿದ್ರೆ, 'ನಾನು ಹೇಳದೆ ನೀನ್ಯಾಕೆ ಬುಟ್ಟೆ' ಅಂತ ಕೇಳೋರು" ಎಂದರು ಅತ್ತೆ.