ಬಿದಿರು ಬುಟ್ಟಿಗೆ ಹಾಕಿದ ಔಷಧಿ

ಅಜ್ಜಿ ವಿಮಾನ ಹತ್ತಿ ಜರ್ಮನಿಗೆ ಹೋಗಿ ಬಂದವಳು ಎಂದು ನೀವು ಸ್ಕೂಲಿನಲ್ಲಿ ಹೇಳಿಕೊಂಡಿದ್ದೀರಂತೆ. ಹೋಗಿದ್ದು ನಿಜ. ಆ ಮಾತು ಬಂದಾಗಲೆಲ್ಲ ಯಾಕೆ ಎದ್ದು ಒಳಗೆ ಹೋಗುತ್ತೀಯ ಎಂದು ನಿಮ್ಮಲ್ಲಿ ದೊಡ್ಡವಳು ಕೇಳಿದಳು. ಬಾಯಲ್ಲಿ ಹೇಳಲು ನನಗೆ ಬರುವುದಿಲ್ಲ. ಊರಿನ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಕಲಿತ ಅಕ್ಷರವಿದೆ, ಬರೆದಿಡುತ್ತೇನೆ.

ನಮ್ಮದು ಬಿದಿರಿನ ಕೆಲಸದ ಮನೆ. ಶಿಡ್ಲಘಟ್ಟದ ಸುತ್ತ ರೇಷ್ಮೆ ಹುಳು ಸಾಕುವವರಿಗೆ ತಟ್ಟೆಗಳನ್ನೂ ಹುಳು ಗೂಡು ಕಟ್ಟುವ ಚಂದ್ರಿಕೆಗಳನ್ನೂ ಹೆಣೆದುಕೊಡುವುದು ನಮ್ಮ ಬೀದಿಯ ಕಸುಬು. ನಿಮ್ಮ ತಾತ ಬಿದಿರು ಸೀಳುತ್ತಿದ್ದರು, ನಾನು ಹೆಣೆಯುತ್ತಿದ್ದೆ. ಅವರು ತೀರಿಕೊಂಡ ಮೇಲೆ ಸೀಳುವುದನ್ನೂ ಕಲಿತೆ. ತೊಂಬತ್ತರ ದಶಕ ಅರ್ಧ ಕಳೆಯುವ ಹೊತ್ತಿಗೆ ಸಾಕಣೆಯ ರೀತಿಯೇ ಬದಲಾಯಿತು. ಹಿಪ್ಪುನೇರಳೆ ಸೊಪ್ಪನ್ನು ಬಿಡಿಸದೆ, ಕೊಂಬೆ ಸಮೇತ ಉದ್ದನೆಯ ಅಟ್ಟಣೆಯ ಮೇಲೆ ಹಾಸಿ ಹುಳು ಮೇಯಿಸತೊಡಗಿದರು. ತಟ್ಟೆ ಕೇಳುವವರು ಕಡಿಮೆಯಾದರು. ಚಂದ್ರಿಕೆಗೆ ಪ್ಲಾಸ್ಟಿಕ್ ಬಂತು. ಬೀದಿಯ ಹೆಂಗಸರು ಮಚ್ಚನ್ನು ಗೋಡೆಗೆ ಸಿಕ್ಕಿಸಿ ಕ್ವಾರಿಗೆ ಜಲ್ಲಿ ಒಡೆಯಲು ಹೋಗುವ ಮಾತಾಡಿದರು. ಒಬ್ಬಳು ಹೋಗಿಯೇಬಿಟ್ಟಳು. ನಮ್ಮ ಎದುರು ಮನೆಯವಳು. ಹೋದ ಮೂರನೇ ವಾರ ಕಲ್ಲಿನ ಚೂರು ಹಾರಿ ಅವಳ ಬಲಗಣ್ಣು ಹೋಯಿತು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಅವಳು ಮತ್ತೆ ಬಿದಿರಿನ ಮುಂದೆ ಬಂದು ಕೂತಳು. ಇಲ್ಲಿ ಕೆಲಸ ಸಿಗದಿದ್ದರೆ ನಾವೆಲ್ಲ ಹೋಗಬೇಕಾದದ್ದು ಅಲ್ಲಿಗೇ.

ಅಂಥ ಹೊತ್ತಿನಲ್ಲಿ ಚಿಕ್ಕಬಳ್ಳಾಪುರದ ಒಂದು ಕಚೇರಿಯಿಂದ ಮೇಡಂ ಒಬ್ಬರು ಬಂದರು. ಮನೆಬಳಕೆಯ ಸಾಮಾನುಗಳನ್ನು ದೊಡ್ಡ ಅಂಗಡಿಯವರಿಗೆ ತೋರಿಸುವ ಮೇಳವೊಂದಕ್ಕೆ ಒಂದು ತಂಡ ಜರ್ಮನಿಗೆ ಹೊರಟಿದೆ, ನಿಮ್ಮ ಬುಟ್ಟಿಗಳೂ ಬರಲಿ ಎಂದರು. ಒಂದು ಫೋಟೋ ಕೊಟ್ಟರು. ಅಂಗೈ ಮಡಿಸಿದಂತಿದ್ದ, ಆಳವಿಲ್ಲದ ಉದ್ದನೆಯ ಬುಟ್ಟಿ. ಮೂರು ದೊಡ್ಡ ಪೆಟ್ಟಿಗೆ ತುಂಬುವಷ್ಟು ಬೇಕು, ಹಿಡಿಸಿದರೆ ವರ್ಷಪೂರ್ತಿ ಆರ್ಡರ್ ಕೊಡುತ್ತಾರೆ ಎಂದರು.

"ನಿಮ್ಮಲ್ಲಿ ಒಬ್ರು ಬರ್ಬೇಕು. ಅಲ್ಲಿ ಕೂತು ಹೆಣೆದು ತೋರಿಸ್ಬೇಕು. ಯಾರು ಬರ್ತೀರಾ?"

ನನ್ನ ಓರಗಿತ್ತಿ, ಅಂದರೆ ನಿಮ್ಮ ತಾತನ ಅಣ್ಣನ ಹೆಂಡತಿ, ನನ್ನ ಭುಜ ಹಿಡಿದು ಮುಂದಕ್ಕೆ ತಳ್ಳಿದಳು. ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ. ಚಿಂತಾಮಣಿ ಕಡೆಯವಳು, ಸಿಟ್ಟು ಬಂದರೆ ತೆಲುಗು, ಖುಷಿಯಾದರೂ ತೆಲುಗು.

"ಇವಳ್ನ ಕರ್ಕೊಂಡೋಗಿ ಮೇಡಮ್ಮೋರೆ. ಓದು ಬರಹ ಬರ್ತದೆ. ಮಾತೊಂದು ಬರಲ್ಲ. ಅಲ್ಲಿ ಹೆಂಗಿದ್ರೂ ನಮ್ಮ ಮಾತು ಯಾರ್ಗೂ ತಿಳಿಯಲ್ವಲ್ಲ, ಸರಿಹೋಯ್ತದೆ!"

ಎಲ್ಲರೂ ನಕ್ಕರು. ಎದುರು ಮನೆಯವಳು ಮಾತ್ರ ನಗಲಿಲ್ಲ. ಸಂಜೆ ನನ್ನ ಹತ್ತಿರ ಬಂದು, "ಹೆಂಗಾದ್ರೂ ಆರ್ಡರ್ ಒಪ್ಸ್ಕೊಂಡು ಬಾಮ್ಮ. ಇನ್ನೊಂದು ಕಣ್ಣು ಉಳೀಲಿ" ಎಂದಳು.

ಬಿದಿರನ್ನು ನಾವು ಅಮಾವಾಸ್ಯೆ ಹತ್ತಿರದ ದಿನಗಳಲ್ಲಿ ಕಡಿದು, ಮೂರು ವಾರ ಕೆರೆಯ ನೀರಿನಲ್ಲಿ ನೆನೆಹಾಕಿ, ನೆರಳಲ್ಲಿ ಒಣಗಿಸಿದ ಮೇಲೆಯೇ ಮುಟ್ಟುತ್ತಿದ್ದೆವು. ಈ ಸಲ ಅಷ್ಟು ದಿನ ಇರಲಿಲ್ಲ. ಗೌರಿಬಿದನೂರಿನ ಆಚೆ, ತೊಂಡೇಬಾವಿಯ ಹತ್ತಿರ ಒಬ್ಬರ ತೋಟದಲ್ಲಿ ಬಿದಿರು ಮೆಳೆ ಇತ್ತು. ಬೇಕಾದರೆ ಈ ವಾರವೇ ಕಡಿದುಕೊಳ್ಳಿ ಎಂದಿದ್ದರು. ಹುಣ್ಣಿಮೆಗೆ ಎರಡು ದಿನ.

ಅಕ್ಕ ಬೇಡವೆಂದಳು. "ಈಗ ಕಡಿದ್ರೆ ಒಳಗೆಲ್ಲ ಹಾಲು ತುಂಬ್ಕೊಂಡಿರ್ತದೆ ಕಣೇ. ಹುಳ ಬೀಳ್ತದೆ."

"ದಿನ ಇಲ್ಲಕ್ಕ."

"ದಿನ ಇಲ್ಲ ಅಂತ ಆ ಹುಳಕ್ಕೆ ಹೇಳೋಗು."

ಆದರೂ ಕಡಿದೆವು. ಕೆರೆಗೆ ಹಾಕಲಿಲ್ಲ. ಹಸಿರು ಆರುವ ಮೊದಲೇ ಸೀಳಿ ಹೆಣೆದೆವು. ಅಷ್ಟು ಚೆಂದದ ಬುಟ್ಟಿಗಳನ್ನು ನಮ್ಮ ಬೀದಿ ಅದುವರೆಗೆ ಹೆಣೆದಿರಲಿಲ್ಲ. ನಮ್ಮ ಮನೆಯ ನಡುಮನೆಯಲ್ಲಿ ಒಂದರ ಮೇಲೊಂದು ಜೋಡಿಸಿಟ್ಟೆವು.

ಹದಿನೈದು ದಿನಕ್ಕೆ, ಒಂದು ಬೆಳಿಗ್ಗೆ ಕಸ ಗುಡಿಸುವಾಗ ಬುಟ್ಟಿಗಳ ಬುಡದಲ್ಲಿ ನುಣ್ಣನೆಯ ಪುಡಿ ಕಂಡಿತು. ಹಿಟ್ಟು ಚೆಲ್ಲಿರಬೇಕು ಎಂದುಕೊಂಡು ಗುಡಿಸಿದೆ. ಮಾರನೆಯ ದಿನ ಮತ್ತೆ ಅಷ್ಟೇ ಪುಡಿ. ಅದರ ಮಾರನೆಯ ದಿನ ಇನ್ನೂ ಹೆಚ್ಚು. ಮಧ್ಯಾಹ್ನ ಬೀದಿ ನಿಶ್ಶಬ್ದವಾಗಿದ್ದಾಗ ಬುಟ್ಟಿಗೆ ಕಿವಿಯಿಟ್ಟು ಕೇಳಿದೆ. ಒಳಗಿನಿಂದ ಕಿರ್ ಕಿರ್ ಎಂದು ಸಣ್ಣ ಸದ್ದು. ಒಂದು ಬುಟ್ಟಿಯಿಂದಲ್ಲ, ಇಡೀ ರಾಶಿಯಿಂದ. ಬಿದಿರು ಕೊರೆಯುವ ಕುಟ್ಟೆ ಹುಳ ಹಿಡಿದಿತ್ತು.

ಅಕ್ಕನನ್ನು ಕರೆದು, ಬಾಗಿಲು ಮುಂದೆ ಮಾಡಿ ತೋರಿಸಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹುಳು ಸಾಕುವ ಮನೆಗಳಲ್ಲಿ ಫಾರ್ಮಲಿನ್ ಎಂಬ ಔಷಧಿ ಇರುತ್ತದೆ. ಒಂದು ಬೆಳೆ ಮುಗಿದ ಮೇಲೆ ರೋಗದ ಬೀಜ ಉಳಿಯಬಾರದೆಂದು ತಟ್ಟೆ, ಚಂದ್ರಿಕೆಗಳನ್ನು ಆ ನೀರಿನಲ್ಲಿ ಅದ್ದಿ, ಬಿಸಿಲಿಗೆ ಚೆನ್ನಾಗಿ ಒಣಗಿಸುತ್ತಾರೆ. ನಮ್ಮ ಕಡೆಯವರಿಗೆ ಅದು ಸೋಪಿನಷ್ಟೇ ಪರಿಚಯ. ಅದಕ್ಕೇ ನಮಗೆ ಮೊದಲು ಹೊಳೆದದ್ದೂ ಅದೇ. ಪಕ್ಕದ ಬೀದಿಯಿಂದ ಒಂದು ಕ್ಯಾನು ತಂದೆ. ಅದರ ಮೇಲೆ ತಲೆಬುರುಡೆಯ ಚಿತ್ರವಿತ್ತು. ನೀರಿಗೆ ಎಷ್ಟು ಬೆರೆಸಬೇಕೆಂಬ ಅಳತೆ ನಮಗೆ ಗೊತ್ತಿತ್ತು. ಬಿದಿರಿನ ಒಳಗಿರುವ ಹುಳ ಅಷ್ಟಕ್ಕೆ ಸಾಯುವುದೇ ಎಂದು ಅಳತೆ ಮೀರಿ ಸುರಿದೆವು.

ಹಿತ್ತಲ ಸಿಮೆಂಟ್ ತೊಟ್ಟಿಯಲ್ಲಿ ನಾವಿಬ್ಬರೇ ಅದ್ದಿದೆವು. ಬೇರೆಯವರಿಗೆ ಔಷಧಿ ಹಾಕುತ್ತೇವೆ ಎಂದಷ್ಟೇ ಹೇಳಿದ್ದೆವು. ಕಣ್ಣು ಮೂಗಿನಲ್ಲೆಲ್ಲ ನೀರು. ಸೆರಗಿನಿಂದ ಮುಖ ಒತ್ತಿಕೊಂಡು ಅಕ್ಕ ಕೇಳಿದಳು, "ಇದ್ರಾಗೆ ಅವ್ರು ಏನಿಡ್ತಾರೇ?"

"ಗೊತ್ತಿಲ್ಲಕ್ಕ. ಫೋಟೋದಾಗೆ ಖಾಲಿ ಇತ್ತು."

"ಮೇಡಮ್ಮೋರ್ನ ಕೇಳ್ಬಾರ್ದಾ?"

ಕೇಳಬಹುದಿತ್ತು. ಕೇಳಿದರೆ ಯಾಕೆ ಕೇಳುತ್ತೀಯ ಎನ್ನುತ್ತಿದ್ದರು. ಹುಳು ಬಿದ್ದಿದೆ ಎಂದು ಹೇಳಬೇಕಾಗುತ್ತಿತ್ತು. "ಬಟ್ಟೆಗಿಟ್ಟೆ ಇಡ್ತಾರೇನೋ" ಎಂದೆ.

ಪುಷ್ಯ ಮಾಸ. ಎರಡು ದಿನ ಮಂಜು ಕವಿದು ಬಿಸಿಲೇ ಬೀಳಲಿಲ್ಲ. ಮೂರನೆಯ ದಿನ ಪೆಟ್ಟಿಗೆ ಕಟ್ಟಲೇಬೇಕಿತ್ತು. ಆ ದಿನ ಬೆಳಿಗ್ಗೆ ತೊಟ್ಟಿಯ ನೀರು ಹರಿದ ಜಾಗದಲ್ಲಿ ಅಕ್ಕನ ಕೋಳಿಯೊಂದು ಕೆದಕುತ್ತಿತ್ತು. ಮಧ್ಯಾಹ್ನಕ್ಕೆ ಕಾಲು ಚಾಚಿ ಬಿದ್ದಿತು. ಸತ್ತ ಕೋಳಿಯನ್ನು ಅಕ್ಕ ಸಾರು ಮಾಡದೆ ಗುಂಡಿ ತೋಡಿ ಹೂತಳು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಒಳಗೆ ಹೋಗಿ ಇನ್ನೂ ತಣ್ಣಗಿದ್ದ ಬುಟ್ಟಿಗಳನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಪೆಟ್ಟಿಗೆಗೆ ತುಂಬಿದೆವು. ಪುಡಿ ಬೀಳುವುದು ನಿಂತಿತ್ತು. ಕಿವಿಯಿಟ್ಟರೆ ಸದ್ದಿಲ್ಲ.

ವಿಮಾನದ ಬಗ್ಗೆ ಹೇಳಲು ನನ್ನ ಬಳಿ ಹೆಚ್ಚಿಲ್ಲ. ಉದ್ದಕ್ಕೂ ಕಣ್ಣು ಮುಚ್ಚಿಕೊಂಡಿದ್ದೆ, ಕಾಲಡಿಯಲ್ಲೆಲ್ಲೋ ಆ ಪೆಟ್ಟಿಗೆಗಳಿವೆ ಎಂಬುದೊಂದೇ ಮನಸ್ಸಿನಲ್ಲಿ. ಮೇಳದ ಹಾಲ್ ನಮ್ಮ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಂಥ ಹತ್ತನ್ನು ಒಳಗೆ ಹಾಕಿಕೊಳ್ಳುವಷ್ಟು ದೊಡ್ಡದು. ಹೊರಗೆ ಹಿಮ, ಒಳಗೆ ಯಂತ್ರದ ಕಾವು. ಆ ಕಾವಿನಲ್ಲಿ ಕವರು ಬಿಚ್ಚಿದ ಕೂಡಲೇ ನಮ್ಮ ಹಿತ್ತಲ ತೊಟ್ಟಿಯ ವಾಸನೆ ಮುಖಕ್ಕೆ ಹೊಡೆಯಿತು.

ಮೇಡಂ ಅವರಿಗೆ ನೆಗಡಿಯಾಗಿತ್ತು. "ಏನಮ್ಮ, ಫಿನಾಯಿಲ್ ತರ ವಾಸನೆ?" ಎಂದರು.

"ಹೊಸ ಬಿದಿರು ಹಂಗೇ ಮೇಡಂ" ಎಂದೆ. ಆ ಊರಿನಲ್ಲಿ ನಾನು ಬಾಯಿಬಿಟ್ಟು ಆಡಿದ ಮೊದಲ ಮಾತು ಅದು.

ನಮಗೆ ಅವರ ಭಾಷೆ ಹೇಳಲು ಒಬ್ಬ ಹುಡುಗಿ ಇದ್ದಳು. ಮೈಸೂರಿನವಳು, ಅಲ್ಲಿ ಓದಲು ಬಂದಿದ್ದಳು. ಆಂಟಿ, ಆಂಟಿ ಎಂದು ಹಿಂದೆಮುಂದೆ ಓಡಾಡುತ್ತಿದ್ದಳು. ನಾನು ನೆಲದ ಮೇಲೆ ಚಾಪೆ ಹಾಸಿ ಹೆಣೆಯುತ್ತ ತಲೆ ಎತ್ತದೆ ಕೂತಿರುತ್ತಿದ್ದೆ. ಎರಡು ದಿನ ಬಂದವರೆಲ್ಲ ಬುಟ್ಟಿ ಮುಟ್ಟಿ ನೋಡಿ, ಮೂಗು ಉಜ್ಜಿಕೊಂಡು ಹೋದರು.

ಮೂರನೆಯ ದಿನ ಒಬ್ಬ ವಯಸ್ಸಾದ ಎತ್ತರದ ಮನುಷ್ಯ ಬಂದ. ಹಲವು ಊರುಗಳಲ್ಲಿ ಅವನ ಅಂಗಡಿಗಳಿದ್ದವಂತೆ. ಬುಟ್ಟಿಯನ್ನು ತಿರುಗಿಸಿ, ಅಂಚು ಕಟ್ಟಿದ್ದನ್ನು ಉಗುರಿನಿಂದ ತಟ್ಟಿ ನೋಡಿದ. ನನ್ನ ಕೈಯನ್ನೂ ಬಹಳ ಹೊತ್ತು ನೋಡಿದ. ಮೇಡಂ ಹತ್ತಿರ ಏನೋ ಮಾತಾಡಿ ಎದ್ದುಹೋದ.

ಹುಡುಗಿ ಬಗ್ಗಿ ನನ್ನ ಕಿವಿಯಲ್ಲಿ ಹೇಳಿದಳು, "ಆಂಟಿ, ಅವ್ರ ಎಲ್ಲಾ ಅಂಗಡಿಗೂ ಬೇಕಂತೆ! ನೀವಿನ್ನು ವರ್ಷವೆಲ್ಲ ಹೆಣೀಬೇಕು, ನೋಡ್ಕೊಳಿ!"

ನನಗೆ ಎದುರು ಮನೆಯವಳ ಮುಖ ಕಣ್ಣ ಮುಂದೆ ಬಂತು. ತಪ್ಪಿದ ಸೀಳನ್ನು ಬಿಚ್ಚಿ ಮತ್ತೆ ಹೆಣೆದೆ.

ಅವನು ಹೋಗಿದ್ದು ಪಕ್ಕದ ಮಳಿಗೆಗೆ. ಬರುವಾಗ ಕೈಯಲ್ಲಿ ಒಂದು ಕಾಗದದ ಚೀಲವಿತ್ತು. ನಮ್ಮ ಬುಟ್ಟಿಯೊಂದನ್ನು ಎತ್ತಿ ಮೇಜಿನ ನಡುವೆ ಇಟ್ಟು, ಚೀಲವನ್ನು ಅದಕ್ಕೆ ಬಗ್ಗಿಸಿದ. ಬಿಸಿ ಬ್ರೆಡ್ಡುಗಳು. ಗುಂಡಗೆ, ಮುಷ್ಟಿಯಷ್ಟು ದೊಡ್ಡವು, ಹಬೆ ಏಳುತ್ತಿತ್ತು. ಹಬೆ ತಗುಲಿ ಬುಟ್ಟಿಯ ಬಿದಿರು ತೇವದಿಂದ ಹೊಳೆಯಿತು. ಅವನು ಎರಡು ಹೆಜ್ಜೆ ಹಿಂದೆ ಸರಿದು, ತಲೆ ಓರೆ ಮಾಡಿ ನೋಡಿ, ನಕ್ಕ. ಮೇಡಂ ಕೂಡ ನಕ್ಕರು. ಆಮೇಲೆ ಅವನು ಬುಟ್ಟಿ ಎತ್ತಿ, ಮನೆಗೆ ಬಂದವರಿಗೆ ನೀಡುವ ಹಾಗೆ, ಆ ಹುಡುಗಿಯ ಮುಂದೆ ಹಿಡಿದ.

ಬೆಳಗಿನಿಂದ ಏನೂ ತಿಂದಿರದ ಹುಡುಗಿ ಒಂದನ್ನು ತೆಗೆದುಕೊಂಡು ಬಾಯಿಗೆ ತಂದಳು.

ನಾನು ಯಾವಾಗ ಎದ್ದೆನೋ ಗೊತ್ತಿಲ್ಲ. ಅವಳ ಕೈಗೆ ಹೊಡೆದಿದ್ದೆ. ಬ್ರೆಡ್ಡು ಉರುಳಿ ಆ ಮನುಷ್ಯನ ಬೂಟಿಗೆ ತಗುಲಿ ನಿಂತಿತು.

"ತಿನ್ಬೇಡ ಕಣಮ್ಮ. ಬುಟ್ಟಿಗೆ ವಿಷದ ಔಷಧಿ ಹಾಕಿದೀವಿ."

ಹುಡುಗಿ ಕೈ ಉಜ್ಜಿಕೊಳ್ಳುತ್ತ ನಿಂತಳು. ಅವನು ಏನಾಯಿತೆಂದು ಕೇಳುತ್ತಿದ್ದ. "ಇವ್ರಿಗೇನಂತ ಹೇಳ್ಲಿ ಆಂಟಿ?"

ಮೇಡಂ ನಗುಮುಖ ಕೆಡಿಸದೆ ಮೆಲ್ಲಗೆ ಹೇಳಿದರು, "ಕೈ ತಗುಲ್ತು ಅಂತ ಹೇಳು. ಔಷಧಿ ವಿಷಯ ಆಮೇಲೆ ನೋಡ್ಕೊಳ್ಳೋಣ."

ಹುಡುಗಿ ನನ್ನನ್ನೇ ನೋಡುತ್ತಿದ್ದಳು. ತಲೆ ಆಡಿಸಿದ್ದರೆ ಸಾಕಿತ್ತು.

"ನಾನು ಹೇಳಿದ್ದನ್ನೇ ಹೇಳಮ್ಮ" ಎಂದೆ.

ಹೇಳಿದಳು. ಅವನು ಬುಟ್ಟಿಯನ್ನು ಮೂಗಿನ ಹತ್ತಿರ ತಂದು ಮೂಸಿದ, ಮೆಲ್ಲಗೆ ಕೆಳಗಿಟ್ಟ. ಕರ್ಚೀಫು ತೆಗೆದು ಒಂದೊಂದೇ ಬೆರಳನ್ನು ಒರೆಸಿಕೊಂಡ. ಹೋಗುವ ಮುಂಚೆ ನನ್ನ ಕಡೆ ತಿರುಗಿ ಏನೋ ಅಂದ. ಹುಡುಗಿ ಅದನ್ನು ಕನ್ನಡದಲ್ಲಿ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಮೇಳದ ಉಳಿದ ದಿನಗಳೆಲ್ಲ ಬುಟ್ಟಿಗಳು ಪೆಟ್ಟಿಗೆಯಲ್ಲೇ ಇದ್ದವು. ಹೊಸ ಬಿದಿರು ಕಡಿದು ನೆನೆಹಾಕಿ ಬೇರೆ ಹೆಣೆದು ಕಳಿಸುತ್ತೇವೆ ಎಂದು ಮೇಡಂ ಅವನಿಗೆ ಹೇಳಿ ಕಳಿಸಿದರು. ಉತ್ತರ ಬರಲಿಲ್ಲ. ನನಗೆ ಅವರು ಒಂದೇ ಮಾತು ಹೇಳಿದರು: "ಒಂದು ಹುಡುಗಿ ತುತ್ತು ತಪ್ಪಿಸೋಕೆ ಆರ್ಡರ್ ಕಳೆದೆ ಅಂತ ನಿಮ್ಮ ಬೀದಿಯವರಿಗೆ ಹೇಳು ಹೋಗಮ್ಮ."

ಶಿಡ್ಲಘಟ್ಟದ ಬಸ್ಸಿಳಿದು ಮನೆಗೆ ಬಂದಾಗ ಹೆಂಗಸರೆಲ್ಲ ನಮ್ಮ ಜಗಲಿಯ ಮೇಲೆ ಕಾದಿದ್ದರು. ನಡೆದದ್ದನ್ನು ಹೇಳಿದೆ. ಎದುರು ಮನೆಯವಳು ಮಡಿಲಿನ ಮಗಳ ತಲೆ ಸವರುತ್ತ, "ಹಂಗಾದ್ರೆ ಕ್ವಾರಿನೇ" ಎಂದಳು. ಅಷ್ಟೇ.

ಎಲ್ಲರೂ ಎದ್ದು ಹೋದ ಮೇಲೆ ಕೈಕಾಲು ತೊಳೆದು ಅಡುಗೆಮನೆಗೆ ಹೋದೆ. ಒಲೆಯ ಪಕ್ಕ ಅದೇ ಉದ್ದನೆಯ ಬುಟ್ಟಿ. ಅದರ ತುಂಬ ಹಿತುಕಿದ ಅವರೆಬೇಳೆ. ನಿಮ್ಮಮ್ಮ ಆಗ ಹತ್ತನೇ ಕ್ಲಾಸಿನಲ್ಲಿದ್ದಳು, ಬೇಳೆ ಬಾಯಿಗೆ ಹಾಕಿಕೊಂಡು ಓದುತ್ತ ಕೂತಿದ್ದಳು.

"ಇದೆಲ್ಲಿತ್ತೇ?"

"ಅದ್ದಿ ಒಣಗ್ಸಿದ್ಮೇಲೆ ಅಂಚು ಸರಿಯಾಗಿಲ್ಲ ಅಂತ ಕೆಲವು ಹಿತ್ಲಲ್ಲಿ ಬಿಟ್ಟೋಗಿದ್ರಲ್ಲಮ್ಮ. ಸುಮ್ನೆ ಯಾಕೆ ಹಾಳಾಗ್ಲಿ ಅಂತ ಎಲ್ರ ಮನೇಗೂ ಒಂದೊಂದು ಕೊಟ್ಟೆ. ನೀನೇ ಅಲ್ವಾ, ಪೆಟ್ಟಿಗೆಗೆ ಸೇರ್ದೇ ಇದ್ದಿದ್ದು ಯಾರಾದ್ರೂ ತಗೊಳ್ಳಿ ಅಂದಿದ್ದು?"

ಅಂದಿದ್ದೆನೇನೋ. ಅವಳ ಬಾಯಿ ತೊಳೆಸಿ, ಬೇಳೆಯನ್ನು ಗುಂಡಿಗೆ ಸುರಿದು, ಅಕ್ಕನನ್ನು ಕರೆದುಕೊಂಡು ಮನೆ ಮನೆಗೆ ಹೋದೆ. ಕೆಲವರು ಅದರಲ್ಲಿ ಈರುಳ್ಳಿ ಇಟ್ಟಿದ್ದರು, ಒಬ್ಬಳು ರಾಗಿರೊಟ್ಟಿ. ವಿಷ ಪೆಟ್ಟಿಗೆಯ ಬುಟ್ಟಿಗಳಲ್ಲಿ ಮಾತ್ರ ಎಂದುಕೊಂಡಿದ್ದವರೆಲ್ಲ ಹೆದರಿ ಕೂಡಲೇ ಕೊಟ್ಟರು. ಎದುರು ಮನೆಯವಳು ಮಾತ್ರ ಬಾಗಿಲಿಗೆ ಅಡ್ಡ ನಿಂತಳು.

"ಕೆಲ್ಸಾನೂ ಕಳೆದೆ. ಇನ್ನು ಬುಟ್ಟಿನೂ ಕಿತ್ಕೊಂಡೋಗ್ತೀಯಾ?"

"ಅದ್ರಾಗೆ ವಿಷ ಐತೆ ಕಣಮ್ಮ. ಮಕ್ಳಿರೋ ಮನೆ."

"ಹತ್ತು ದಿನದಿಂದ ನನ್ ಮಕ್ಳು ಇದ್ರಾಗೇ ತಿಂತವ್ರೆ. ಏನಾಗೈತೆ? ನೋಡು, ಚೆನ್ನಾಗವ್ರೆ."

ಅಕ್ಕ ಕೋಳಿಯ ವಿಷಯ ಹೇಳಿದಳು. "ಕೋಳಿ ನೂರು ರೀತಿ ಸಾಯ್ತದೆ" ಎಂದು ಅವಳು ಬಾಗಿಲು ಹಾಕಿಕೊಂಡಳು. ಮುಂದಿನ ವಾರ ನೆನೆಹಾಕಿದ ಹಳೆಯ ಬಿದಿರಿನಲ್ಲಿ ಒಂದು ಹೊಸ ಬುಟ್ಟಿ ಹೆಣೆದು ಕೊಟ್ಟೆ, ಬದಲಿಗೆ ಅದನ್ನು ಕೊಡು ಎಂದು. ಹೊಸದನ್ನು ತೆಗೆದುಕೊಂಡಳು, ಹಳೆಯದನ್ನು ಕೊಡಲಿಲ್ಲ. ಎರಡನ್ನೂ ಪಕ್ಕಪಕ್ಕದಲ್ಲಿ ನೇತುಹಾಕಿ, ಎರಡರಲ್ಲೂ ರೊಟ್ಟಿ ಇಟ್ಟು ಕ್ವಾರಿಗೆ ಹೋಗುತ್ತಿದ್ದಳು.

ಬುಟ್ಟಿಯಲ್ಲಿ ಎಷ್ಟು ವಿಷ ಉಳಿದಿತ್ತು, ಉಳಿದಿತ್ತೋ ಇಲ್ಲವೋ, ಇವತ್ತಿಗೂ ನನಗೆ ತಿಳಿಯದು. ಅವಳ ಚಿಕ್ಕ ಮಗಳು ಆಗಾಗ ಹೊಟ್ಟೆನೋವು ಎಂದು ಮಂಡಿ ಮಡಿಚಿಕೊಂಡು ಹೊಸ್ತಿಲ ಮೇಲೆ ಕೂತಿರುತ್ತಿದ್ದಳು. ಎಲ್ಲ ಮಕ್ಕಳಿಗೂ ಒಂದೊಂದು ಸಲ ಹೊಟ್ಟೆ ನೋಯುತ್ತದೆ. ನೀರಿಗೆ ಹೋಗುವಾಗ ದಿನವೂ ಆ ಮನೆಯ ಮುಂದೆ ಹಾದುಹೋಗಬೇಕಿತ್ತು. ಮೊದಲು ಆ ಮಗುವನ್ನು ನೋಡುತ್ತಿದ್ದೆ, ಆಮೇಲೆ ಅದರ ತಲೆಯ ಮೇಲಿಂದ ಒಳಗೆ, ಬುಟ್ಟಿ ಇನ್ನೂ ಅಲ್ಲೇ ಇದೆಯೇ ಎಂದು.