ಯಾವ ಹೋರಿಯ ಕರು

ಚರ್ಚಾಸ್ಪರ್ಧೆಯಲ್ಲಿ ಪರವಾಗಿ ಮಾತಾಡಬೇಕೋ ವಿರೋಧವಾಗಿ ಮಾತಾಡಬೇಕೋ ಎಂಬುದು ಚೀಟಿ ಎತ್ತಿದ ಮೇಲೆ ಗೊತ್ತಾಗುತ್ತದೆ. ಹಾಸನದ ಹಾಸ್ಟೆಲಿನಲ್ಲಿದ್ದ ಐದು ವರ್ಷ ನಾನು ಪಾಠಕ್ಕಿಂತ ಹೆಚ್ಚಾಗಿ ಕಲಿತದ್ದು ಇದನ್ನೇ: ಕೈಗೆ ಬಂದ ಪಕ್ಷವನ್ನು ಹಿಡಿದು ಗೆಲ್ಲುವುದು. ಆ ಪಕ್ಷ ನಿಜವೋ ಸುಳ್ಳೋ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಹಗರೆ ಊರಿನ ರೈತರೊಬ್ಬರು ನಮ್ಮ ಮನೆಯ ಜಗಲಿಯ ಮೇಲೆ ಕೂತು, ತಮ್ಮ ಕರು ನಮ್ಮ ಹೋರಿಗೆ ಹುಟ್ಟಿದ್ದಲ್ಲ ಎಂದ ದಿನ ನಾನೂ ಕೇಳಲಿಲ್ಲ.

ನಮ್ಮದು ಗಂಡಸಿ ಕಡೆಯ ಹಳ್ಳಿ. ತೆಂಗು, ಒಂದಿಷ್ಟು ರಾಗಿ. ತೆಂಗು ಎಲ್ಲರ ಮನೆಯಲ್ಲೂ ಇದೆ; ನಮ್ಮ ಮನೆಯನ್ನು ಜನ ಗುರುತಿಸುತ್ತಿದ್ದದ್ದು ಬೀಜದ ಹೋರಿಯಿಂದ. ಅಪ್ಪಟ ಹಳ್ಳಿಕಾರ್ ತಳಿ. ತಾತನ ಕಾಲದಿಂದ ಒಂದರ ಮಗ ಇನ್ನೊಂದಾಗಿ ನಡೆದುಬಂದ ವಂಶ. ಬೇಲೂರು, ಹಳೇಬೀಡು ಕಡೆಯಿಂದಲೂ ಬೆದೆಗೆ ಬಂದ ಹಸುಗಳನ್ನು ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಬರುತ್ತಿದ್ದರು. ಹಸು ತಂದವರು ಹಿತ್ತಲಿಗೆ ಬರುವಂತಿರಲಿಲ್ಲ. ಹೊಸಬರ ವಾಸನೆಗೆ ಹೋರಿ ಬೆದರುತ್ತದೆ ಎಂದು ತಾತ ಮಾಡಿದ್ದ ಕಟ್ಟಳೆ. ಅವರು ಜಗಲಿಯಲ್ಲಿ ಕೂತು ಕಾಫಿ ಕುಡಿಯುವುದು, ಅಪ್ಪ ಹಸುವನ್ನು ಹಿಂದಕ್ಕೆ ಹೊಡೆದುಕೊಂಡು ಹೋಗುವುದು, ಅರ್ಧ ಗಂಟೆಯ ಮೇಲೆ ಹಗ್ಗ ಅವರ ಕೈಗೆ ಕೊಟ್ಟು "ಆಯ್ತು" ಎನ್ನುವುದು. ಆ "ಆಯ್ತು" ಎಂಬ ಮಾತಿನ ಮೇಲೆ ಎರಡು ತಾಲ್ಲೂಕಿನ ಕರುಗಳ ಕುಲ ನಿಂತಿತ್ತು.

ಹಗರೆಯವರಿಗೆ ಅವರ ಕರು ಬೇಕಾಗಿದ್ದದ್ದು ಉಳುವುದಕ್ಕಲ್ಲ. ಅದನ್ನು ತಮ್ಮೂರಿಗೆ ಬೀಜದ ಹೋರಿಯಾಗಿ ಬಿಡಬೇಕೆಂದಿದ್ದರು. ಒಂದೂವರೆ ವರ್ಷಕ್ಕೆ ಅದರ ಕೊಂಬು ಹಳ್ಳಿಕಾರಿನಂತೆ ಹಿಂದಕ್ಕೆ ಬಾಗದೆ ಪಕ್ಕಕ್ಕೆ ಚಾಚತೊಡಗಿತ್ತು.

"ಯಜಮಾನ್ರೆ, ತಪ್ಪು ತಿಳೀಬ್ಯಾಡಿ," ಎಂದರು. "ಊರೋರು ಆಡ್ಕಂತಾವ್ರೆ. ಇದ್ಯಾವ ಹಳ್ಳಿಕಾರ್ಲಾ, ದಾರಿ ತೋರ್ಸೋ ಕಂಬ ಇದ್ದಂಗೈತೆ ಕೊಂಬು ಅಂತ. ನಿಮ್ಮ ಹೋರಿದೇ ಅಂತ ನೀವೊಂದು ಮಾತು ಮಠದ ಗದ್ದಿಗೆ ಮುಟ್ಟಿ ಹೇಳ್ಬಿಡಿ. ನಾನೂ ಬಾಯ್ ಮುಚ್ಕಂತೀನಿ, ಅವ್ರೂ ಮುಚ್ಕಂತಾರೆ."

ಅಪ್ಪ ತಲೆಯಾಡಿಸಿದ. "ನಾಳೆನೇ ಹೋಗಾನ."

ಅಲ್ಲಿಗೆ ಮುಗಿಯುತ್ತಿತ್ತು. ನಾನು ರಜಕ್ಕೆ ಬಂದಿದ್ದೆ.

"ಪ್ರಮಾಣದಿಂದ ಏನು ಗೊತ್ತಾಗುತ್ತೆ?" ಎಂದೆ. "ಗದ್ದಿಗೆ ಮುಟ್ಟಿದವರೆಲ್ಲ ನಿಜ ಹೇಳೋದಾದ್ರೆ ಕೋರ್ಟು ಯಾಕಿರ್ತಿತ್ತು ಮಾಮ? ನಮ್ಮ ಹೋರಿ ಬದುಕಿದೆ, ನಿಮ್ಮ ಹಸು ಇದೆ, ಕರು ಇದೆ. ಮೂರರದ್ದೂ ಬಾಲದ ಕೂದಲು ಬುಡಸಮೇತ ಕಿತ್ತು ಕಳಿಸಿದ್ರೆ ಡಿಎನ್ಎ ನೋಡಿ ಹೇಳ್ತಾರೆ. ಆಮೇಲೆ ನಿಮ್ಮೂರಿನವರು ಆಡ್ಕೊಳ್ಳಲಿ ನೋಡೋಣ."

"ಬ್ಯಾಡ ಬಿಡವ್ವ, ಅದೆಲ್ಲ ಯಾಕೆ," ಎಂದ ಅಪ್ಪ.

"ಯಾಕೆ ಬೇಡ? ಹೆದರೋರು ನಾವಲ್ಲ."

ಆ "ನಾವು" ಎಂಬ ಮಾತನ್ನು ನಾನು ಎಷ್ಟು ಸಲೀಸಾಗಿ ಹೇಳಿದೆ ಎಂಬುದು ಈಗಲೂ ನೆನಪಿದೆ. ಹಗರೆಯವರು ನನ್ನನ್ನೂ ಅಪ್ಪನನ್ನೂ ಒಬ್ಬರಾದ ಮೇಲೊಬ್ಬರಂತೆ ನೋಡಿದರು. "ಮಗಳು ಲಾಯರ್ ಆಗ್ತಾಳೇನ್ರೀ?" ಎಂದು ನಕ್ಕರು. ಆಮೇಲೆ ಹಿಂಜರಿಯುವ ದಾರಿ ಅಪ್ಪನಿಗೆ ಉಳಿದಿರಲಿಲ್ಲ. ವಾದದಲ್ಲಿ ಎದುರಾಳಿಯ ಹಿಂದಿನ ಬಾಗಿಲು ಮೊದಲು ಮುಚ್ಚಬೇಕು ಎಂದು ನಮಗೆ ಹೇಳಿಕೊಟ್ಟಿದ್ದರು. ನಾನು ಮುಚ್ಚಿದ್ದು ಅಪ್ಪನದ್ದನ್ನು.

ಪಶುವೈದ್ಯರು ಎರಡೂ ಮನೆಗೆ ಬಂದು ಕೂದಲು ಕಿತ್ತು, ಬೇರೆಬೇರೆ ಲಕೋಟೆಗೆ ಹಾಕಿ, ಮೇಲೆ ಬರೆದು ಬೆಂಗಳೂರಿಗೆ ಕಳಿಸಿದರು. ಹೋರಿಯ ಬಾಲಕ್ಕೆ ಕೈ ಹಾಕಿದಾಗ ಅದು ತಿರುಗಲಿಲ್ಲ. ಹಿಂದಿನ ಬಲಗಾಲನ್ನು ನೆಲಕ್ಕೆ ಊರದೆ, ಗೊರಸಿನ ತುದಿಯನ್ನಷ್ಟೇ ತಾಗಿಸಿ ನಿಂತಿತ್ತು. ಹಿಂದೆ ಒಂದು ರಜದಲ್ಲಿ ಇದನ್ನು ಕಂಡು ಕೇಳಿದ್ದೆ. "ವಯಸ್ಸಾತು ಕಣವ್ವ" ಎಂದಿದ್ದ ಅಪ್ಪ. ಆ ಉತ್ತರವನ್ನು ನಾನು ಒಪ್ಪಿಕೊಂಡಿದ್ದೆ. ದೇವರು, ಜಾತಕ, ಶಕುನ ಎಲ್ಲಕ್ಕೂ ಪುರಾವೆ ಕೇಳುತ್ತಿದ್ದವಳು ಮೂರು ಕಾಲಿನ ಮೇಲೆ ನಿಂತ ಹೋರಿಯನ್ನು ನೋಡಿಯೂ ಅದು ಹಸು ಏರೀತೇ ಎಂದು ಯೋಚಿಸಲಿಲ್ಲ.

ವರದಿ ಮೂರು ವಾರಕ್ಕೆ ವೈದ್ಯರ ಫೋನಿಗೆ ಬಂತು. ಅವರು ಒಂದೂ ಮಾತು ಸೇರಿಸದೆ ನಮಗೂ ಹಗರೆಯವರಿಗೂ ಕಳಿಸಿದರು. ಇಂಗ್ಲಿಷಿನಲ್ಲಿತ್ತು, ಹಾಗಾಗಿ ಓದಿ ಹೇಳುವ ಕೆಲಸ ನನ್ನದು. ಕರು ಡಿಎನ್ಎಯ ಪ್ರತಿ ಗುರುತಿನಲ್ಲೂ ಅರ್ಧ ತಾಯಿಯಿಂದ, ಅರ್ಧ ತಂದೆಯಿಂದ ಪಡೆದಿರಬೇಕು. ತಾಯಿಯದು ಎಲ್ಲ ಕಡೆಯೂ ಕೂಡಿತ್ತು. ಹೋರಿಯದು ಐದು ಕಡೆ ಕೂಡಿರಲಿಲ್ಲ. ಈ ಪರೀಕ್ಷೆಯ ಬಗ್ಗೆ ಮುಂಚೆಯೇ ಓದಿಕೊಂಡಿದ್ದೆ. ಹೌದು ಎಂದರೆ ಇರಬಹುದು ಎಂದಷ್ಟೇ ಅರ್ಥ, ಅಲ್ಲ ಎಂದರೆ ಅಲ್ಲವೇ ಅಲ್ಲ. ಅದರ ಈ ಗುಣ ನನಗೆ ಬಹಳ ಹಿಡಿಸಿತ್ತು.

ಅಪ್ಪ ಅಡಿಗೆಮನೆಯಲ್ಲಿ ತಟ್ಟೆಯ ಮುಂದೆ ಕೂತಿದ್ದ. ಅಮ್ಮ ಮುದ್ದೆ ಬಡಿಸುತ್ತಿದ್ದಳು. ಹೇಳಿದೆ. ಅಪ್ಪ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ನುಂಗಿದ.

"ಹ್ಞೂ," ಎಂದ.

"ಹಾಗಂದ್ರೆ?"

"ಕರಿ ಹೋರಿದು."

ಕರಿ ಹೋರಿ ಎಂದರೆ ಗಾಡಿಗೆಂದು ತಿಪಟೂರು ಸಂತೆಯಿಂದ ತಂದು, ಬೀಜ ಒಡೆಸದೆ ಬಿಟ್ಟದ್ದು. ಯಾವ ತಳಿಯೆಂದು ತಂದವನಿಗೂ ಗೊತ್ತಿರಲಿಲ್ಲ.

ತುಂಡು ತುಂಡಾಗಿ ಹೇಳಿದ. ಬೀಜದ ದೊಡ್ಡ ಹೋರಿ ಕೆಸರಲ್ಲಿ ಜಾರಿ ಸೊಂಟ ಮುರಿದುಕೊಂಡ ವಾರದಲ್ಲೇ ಹಗರೆಯ ಹಸು ಬಂದಿತ್ತು. ಬೆದೆ ಒಂದು ದಿನವೂ ನಿಲ್ಲುವುದಿಲ್ಲ. "ಅಷ್ಟು ದೂರದಿಂದ ತುಂಬ್ಕಂಡು ಬಂದವ್ರೆ. ಹೋರಿ ಬಿದ್ದೈತೆ ಅಂತ ಹೆಂಗೇಳಾದು? ಬಾಗ್ಲಲ್ಲಿ ಹಸ ಕೂಗ್ತಾ ನಿಂತೈತೆ." ಒಂದು ಸಲಕ್ಕೆ ಎಂದುಕೊಂಡ. ಮರುವಾರ ಇನ್ನೊಂದು ಬಂತು. ಜಗಲಿಯಿಂದ ಯಾರೂ ಎದ್ದು ಬರಲಿಲ್ಲ.

"ಮಠಕ್ಕೆ ಹೋಗಿದ್ರೆ ಗದ್ದಿಗೆ ಮುಟ್ತಿದ್ಯಾ?" ಎಂದು ಕೇಳಿದೆ.

"ಮುಟ್ತಿದ್ದೆ," ಎಂದ. "ಮಜ್ಜಿಗೆ ಹಾಕೇ," ಎಂದು ಅಮ್ಮನ ಕಡೆ ತಟ್ಟೆ ಸರಿಸಿದ.

ಪ್ರಮಾಣದ ಬಗ್ಗೆ ನಾನು ಹೇಳಿದ್ದು ಸರಿಯಾಗಿತ್ತು. ಅಷ್ಟು ಸರಿಯಾಗಿ ಯಾವ ವೇದಿಕೆಯಲ್ಲೂ ಗೆದ್ದಿರಲಿಲ್ಲ. ಏನೂ ಅನಿಸಲಿಲ್ಲ. ತಟ್ಟೆಗಳನ್ನು ಬಳಿದು ತೊಳೆದಿಟ್ಟೆ.

ಮರುದಿನ ಬೆಳಿಗ್ಗೆ ಅಪ್ಪ ಫೋನ್ ನನ್ನ ಕೈಗೆ ಕೊಟ್ಟು, ಹೋರಿ ಬಿದ್ದ ಮೇಲೆ ಹಸು ತಂದವರ ಊರುಗಳನ್ನು ಬಾಯಿಲೆಕ್ಕದಲ್ಲಿ ಹೇಳಿದ. ಒಂಬತ್ತು ಮನೆ. ನಾನು ನಂಬರು ಒತ್ತಿ ಸ್ಪೀಕರಿಗೆ ಹಾಕುವುದು, ಅವನು ಮಾತಾಡುವುದು. ಎಲ್ಲರಿಗೂ ಒಂದೇ ಮಾತು: "ನಿಮ್ಮ ಹಸೀಗೆ ಬಿಟ್ಟಿದ್ದು ದೊಡ್ಡದಲ್ಲ. ಕರೀದು. ಬೀಜಕ್ಕೆ ಇಟ್ಕಾಬ್ಯಾಡಿ."

ಹಳೇಬೀಡಿನವನು ಅಪ್ಪನ ಓರಗೆಯವನು. "ಏನ್ಲಾ, ಬೆಳಗ್ಗೆಬೆಳಗ್ಗೆ ತಮಾಷಿ ಮಾಡ್ತೀಯ?" ಎಂದ. ಅಪ್ಪ ಅದೇ ಮಾತನ್ನು ಇನ್ನೊಮ್ಮೆ ಹೇಳಿದ. "ನಮ್ದು ಹೆಣ್ಗರ ಕಣೋ, ಬೀಜಕ್ಕೆ ಬಿಡೋದಲ್ಲ, ಬಚಾವಾದೆ. ಆದ್ರೂ ನೀನು ಹಿಂಗ್ ಮಾಡ್ತೀಯ ಅಂತ..." ಎಂದು ಮಾತು ಮುಗಿಸದೆ ಫೋನ್ ಇಟ್ಟ. ಬೇಲೂರಿನ ಹೆಂಗಸೊಬ್ಬರು ಎರಡು ಸಲ ಹೇಳಿಸಿಕೊಂಡು, "ಸಾಲಗಾಮೆ ಸಂಬಂಧಿಕರಿಗೆ ಕೊಟ್ಬಿಟ್ಟಿದೀವಲ್ರೀ, ನಿಮ್ಮನೆದು ಅಂತ್ಲೇ ಹೇಳಿ ಕೊಟ್ಟಿದೀವಿ, ಈಗ ನಾವೇನ್ ಮೋರೆ ತೋರ್ಸಾನ," ಎಂದರು. ಅಪ್ಪ ಮುಂದಿನ ಊರಿನ ಹೆಸರು ಹೇಳಿದ. ನಾನು ನಂಬರು ಒತ್ತಿದೆ.

ಹಗರೆಯವರಿಗೆ ಕೊನೆಗೆ ಮಾಡಿದೆವು. ಅವರು ಬೈಯುತ್ತಾರೆಂದು ಕಾದೆ.

"ಬೀಜ ಒಡೆಸ್ಬೇಕು ಇನ್ನೇನು," ಎಂದರು. "ಬಲು ಜೋರೈತೆ. ಹಿಡಿಯಕ್ಕೆ ನಮ್ಮನೇಲಿ ಜನ ಇಲ್ಲ. ನೀವೇ ಬನ್ನಿ."

"ಸೋಮವಾರ ಬತ್ತೀನಿ."

"ಸೋಮವಾರ ಬಸವಣ್ಣನ ಮೇಲೆ ಕೈ ಮಾಡ್ತಾರೇನ್ರೀ? ಮಂಗಳವಾರ ಬನ್ನಿ."

ಮಂಗಳವಾರ ಸ್ಕೂಟರಿನಲ್ಲಿ ಹೋದೆವು. ನಾನು ಓಡಿಸಿದೆ. ಕರುವನ್ನು ಹುಣಸೆ ಮರದಡಿ ಕೆಡವಿ, ಹಗರೆಯವರು ಕಾಲಿನ ಹಗ್ಗ ಹಿಡಿದರು, ಅಪ್ಪ ಕತ್ತಿನ ಮೇಲೆ ಮಂಡಿ ಊರಿ ಕೊಂಬು ಅದುಮಿದ. ವೈದ್ಯರು ದೊಡ್ಡ ಇಕ್ಕಳದಿಂದ ಎಡಕ್ಕೊಮ್ಮೆ, ಬಲಕ್ಕೊಮ್ಮೆ ಒತ್ತಿದರು. ರಕ್ತ ಬರಲಿಲ್ಲ. ಕರು ಒಂದು ಸಲ ಕೂಗಿತು. ಬಿಟ್ಟ ಮೇಲೆ ಎದ್ದು, ಹಿಂಗಾಲು ಅಗಲಿಸಿಕೊಂಡು ಅಲ್ಲೇ ನಿಂತಿತು. ಅಪ್ಪ ಅದರ ಮೈಮೇಲಿನ ಮಣ್ಣು ಕೊಡವಿದ.

"ಉಳೋಕೆ ಚೆನ್ನಾಗೇ ಆಗ್ತಾನೆ," ಎಂದರು ಹಗರೆಯವರು. ಕಾಫಿಗೆ ಕರೆಯಲಿಲ್ಲ.

ಮುಖ್ಯರಸ್ತೆಗೆ ಬರುವಷ್ಟರಲ್ಲಿ ಅಪ್ಪನ ಫೋನ್ ರಿಂಗಾಯಿತು. ಸ್ಕೂಟರ್ ನಿಲ್ಲಿಸಿದೆ. ಅರಸೀಕೆರೆ ಕಡೆಯವರು ಯಾರೋ. ಹಸು ಬೆದೆಗೆ ಬಂದಿದೆ, ಸಾಯಂಕಾಲ ಕರೆದುಕೊಂಡು ಬರಲೇ ಎಂದು ಕೇಳುತ್ತಿದ್ದರು. ಸುದ್ದಿ ಅಲ್ಲಿಗೆ ಇನ್ನೂ ಮುಟ್ಟಿರಲಿಲ್ಲ.

"ಆಸ್ಪತ್ರೆಗೆ ಹೊಡ್ಕಂಡೋಗಿ, ಇಂಜೆಕ್ಷನ್ ಕೊಡ್ತಾರೆ," ಎಂದ ಅಪ್ಪ. "ನಮ್ತಾವ ಹೋರಿ ಇಲ್ಲ."

ಕೊಟ್ಟಿಗೆಯಲ್ಲಿ ಎರಡಿದ್ದವು. ಅಪ್ಪ ಫೋನನ್ನು ಜೇಬಿಗೆ ಹಾಕಿ, ಮತ್ತೆ ಹಿಂದೆ ಕೂತ. ನಾನು ಗಾಡಿ ಶುರು ಮಾಡಿದೆ.