ಖಾತೆಗೂ ಸೈನ್ ಹಾಕಿದ ರೇಡಿಯೋ ಇನ್ಸ್‌ಪೆಕ್ಟರು

ಮಿತ್ರರೇ, ಇವತ್ತು ಬೆಳಿಗ್ಗೆ ಯಾರೋ ಫೋನ್ ಮಾಡಿ, ತಾನು ದೆಹಲಿಯ ದೊಡ್ಡ ಆಫೀಸರ್, ನನ್ನನ್ನು ಅರೆಸ್ಟ್ ಮಾಡಬೇಕಾಗುತ್ತದೆ ಎಂದ. ತಟ್ಟನೆ ಅಜ್ಜಂಪುರದ ನಮ್ಮಜ್ಜಿ ನೆನಪಾದಳು.

ಎಪ್ಪತ್ತರ ದಶಕದ ಕೊನೆ. ಆಗ ರೇಡಿಯೋಗೂ ಲೈಸೆನ್ಸ್ ಬೇಕಿತ್ತು, ನಮ್ಮದನ್ನು ರಿನ್ಯೂ ಮಾಡಿಸಿರಲಿಲ್ಲ. ಸಫಾರಿ ತೊಟ್ಟವನೊಬ್ಬ ಬಾಗಿಲಿಗೆ ಬಂದು, "ರೇಡಿಯೋ ಇನ್ಸ್‌ಪೆಕ್ಟರ್! ಲೈಸೆನ್ಸ್ ಇಲ್ಲಾಂದ್ರೆ ಜಪ್ತಿ" ಅಂದ. ಅಷ್ಟರಲ್ಲಿ ಅಮ್ಮ ಬ್ಯಾಟರಿ ರೇಡಿಯೋವನ್ನು ರಾಗಿ ಡಬ್ಬದಲ್ಲಿ ಹೂತಿಟ್ಟಿದ್ದಳು, ಆಫ್ ಮಾಡುವುದನ್ನು ಮರೆತು. ರಾಗಿಯೊಳಗಿಂದ ಯಾರೋ ರೈತರಿಗೆ ಗೊಬ್ಬರದ ಬಗ್ಗೆ ಬುದ್ಧಿ ಹೇಳುತ್ತಿದ್ದರು. ಅವನು ಮೊಣಕೈವರೆಗೆ ಕೈಹಾಕಿ ರೇಡಿಯೋ ಎಳೆದುಕೊಂಡ.

ಅಜ್ಜಿ ಗಾಬರಿಯಾಗಲಿಲ್ಲ. ತೋಟದ ಖಾತೆ ಬದಲಾವಣೆಯ ಅರ್ಜಿ ತಂದಳು. ಐದು ವರ್ಷ ಆಫೀಸಿಂದ ಆಫೀಸಿಗೆ ಅಲೆದು ಅಂಚೆಲ್ಲ ಹರಿದಿದ್ದ ಅರ್ಜಿ.

"ಸ್ವಾಮಿ, ಹಂಗೇ ಇದಕ್ಕೂ ಒಂದು ಸೈನ್ ಹಾಕ್ಬಿಡಿ."

"ಅದಕ್ಕೇನಜ್ಜಿ, ಕೊಡಿ," ಎಂದವನು ಹಾಕಿಯೇಬಿಟ್ಟ.

"ಲೇ, ಹಿಡ್ಕಳ್ರೋ! ಇವ್ನು ಆಫೀಸರ್ ಅಲ್ಲ ಕಣ್ರೋ!" ಅಜ್ಜಿ ಬೀದಿಗೆಲ್ಲ ಕೇಳುವಂತೆ ಕೂಗಿದಳು. "ಇದು ನಮ್ಮ ಡಿಪಾರ್ಟ್‌ಮೆಂಟ್ ಅಲ್ಲ ಅಂತ ಅನ್ನಲೇ ಇಲ್ಲ!"

ಅವನು ರೇಡಿಯೋ ಬಿಟ್ಟು, ಚಪ್ಪಲಿಯನ್ನೂ ಬಿಟ್ಟು ಓಡಿದ.

ಇವತ್ತು ನಾನೂ ಅದನ್ನೇ ಮಾಡಿದೆ. "ಸಾರ್, ನಮ್ಮ ಬೀದಿ ದೀಪ ಕೆಟ್ಟು ಮೂರು ತಿಂಗಳಾಯ್ತು," ಎಂದೆ.

"ಸರಿ ಮಾಡಿಸೋಣ ಮೇಡಂ, ಮೊದ್ಲು ಒಟಿಪಿ ಹೇಳಿ," ಎಂದ. ಫೋನ್ ಇಟ್ಟೆ.

ಮಧ್ಯಾಹ್ನ ದೀಪದ ವಿಚಾರ ಕೇಳಲು ನಗರಸಭೆ ಆಫೀಸಿಗೇ ಹೋದೆ. "ಅದು ನಮಗೆ ಬರಲ್ಲ ಕಣ್ರೀ," ಎಂದರು.

ಅವರು ಅಸಲಿ.